ಮಿತಿ ದಾಟದ ಗೆರಿ

ರಾತ್ರಿ ಹನ್ನೊಂದರಿಂದ ಮುಂಜಾನಿ ಏಳರ ತನಕ
ನೂರಾ ಹದಿನಾಲ್ಕು ಶಾಖೆ ನನ್ನ ಕಣ್ಣಾಗ.
ವಿಜಯಪುರ, ಸ್ಟೇಷನ್ ರೋಡು, ಸಹಕಾರಿ ಬ್ಯಾಂಕಿನ ಮೂರನೇ ಮಾಳಿಗಿ.
ಎಸಿ ಗುಂಯ್ ಅಂತದ. ಗ್ವಾಡಿ ತುಂಬ ಪರದೆ,
ಒಂದೊಂದು ಊರಿಗೆ ಒಂದೊಂದು ಹಸಿರು ಚುಕ್ಕಿ:
ಇಂಡಿ, ಸಿಂದಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ.

ನಿಮಿಷಕ್ಕೊಮ್ಮೆ ಎಲ್ಲಾ ಊರಿಗೂ ಕೂಗು ಹಾಕತದ ನನ್ನ ಯಂತ್ರ:
ಅದೀಯೇನವಾ?
ಅದೀನಿ, ಅಂತಾವ. ಬರೇ ಅಷ್ಟ.
ಅಷ್ಟು ಅನ್ನಾಕ ಎಷ್ಟು ಹೊತ್ತು ಹಿಡೀತು,
ಅದನ್ನ ಎಣಿಸೂದಕ್ಕ ನನ್ನ ಪಗಾರ.

ಸತ್ತದ್ದನ್ನ ಹಿಡಿಯೂದು ಸಲೀಸು.
ಕೇಬಲ್ ಕಡದ್ರ ಚುಕ್ಕಿ ಕೆಂಪಾಗತದ, ಗಂಟಿ ಹೊಡೀತದ,
ನಾಲ್ಕ ಮಂದಿ ಫೋನ್ ಹಚ್ಚತಾರ,
ಜೆಸಿಬಿಯವನ್ನ ಬೈದು ಮುಗಸ್ತೀವಿ.
ಆದ್ರ ಸೊರಗೂದು?
ಅದಕ್ಕ ಗಂಟಿ ಇಲ್ಲ.

ಚಡಚಣ ಶಾಖೆ. ಸಂಕ್ರಾಂತಿಗೆ ನಲವತ್ತು ಮಿಲಿಸೆಕೆಂಡ್.
ಶಿವರಾತ್ರಿಗೆ ಅರವತ್ತೆರಡು.
ಹೋಳಿ ಹುಣ್ಣಿವಿಗೆ ನೂರಾ ಎಪ್ಪತ್ತು.
ಎರಡನೂರು ದಾಟಿದ್ರ ಒದರು ಅಂತ ಹೇಳಿಟ್ಟಿದ್ವಿ ನಾವ.
ದಾಟಲಿಲ್ಲ. ಒದರಲಿಲ್ಲ.
ತಿಂಗಳ ವರದಿಯೊಳಗ ಸರಾಸರಿ ಚಲೋ ಬಂತು.
ಸರಾಸರಿ ಅನ್ನಾಂವ ಭಾಳ ಸಭ್ಯ ಮನಷ್ಯಾ,
ಯಾರ ಮನಿ ಮಾತೂ ಹೊರಗ ಹಾಕೂದಿಲ್ಲ.

ಅಲ್ಲಿ ಕೌಂಟರಿನ ಮುಂದ
ಪಿಂಚಣಿಗೆ ಬಂದ ಚಂಪಾಬಾಯಿ
ಬೆರಳಿಟ್ಟು, ಎತ್ತಿ, ಸೆರಗಿಗೆ ಒರಸಿ, ಮತ್ತಿಟ್ಟು
"ನನ್ನ ಗುರುತ ಹತ್ತವಲ್ದೇನೋ ತಮ್ಮಾ ಇದಕ್ಕ?"
ಇಪ್ಪತ್ತು ವರ್ಷ ದ್ರಾಕ್ಷಿ ಬಳ್ಳಿ ಕಟ್ಟಿದ ಬೆರಳು
ಸವದಿರಬೇಕು ಅಂತ
ತನ್ನನ್ನ ತಾನ ಬೈಕೊಂಡಳಂತ.

ಸೊಲ್ಲಾಪುರದಿಂದ ಶಿರೀಷ ಬಂದ. ರೌಟರ್ ಬದಲಿ ಮಾಡಿದ,
ಚಹಾ ಕುಡದ, ಬಿಲ್ ಕೊಟ್ಟು ಹೋದ.
ನಾ ಮೂರು ವರ್ಷದ ಗೆರಿ ತಗದು
ಒಂದರ ಮ್ಯಾಲೊಂದು ಹಾಸಿದೆ.
ಮೂರೂ ಅದ ದಿನಕ್ಕ ಏರಾಕ ಸುರು,
ವರ್ಷಕ್ಕಷ್ಟು ಎತ್ತರ.
ಯಂತ್ರಕ್ಕ ಪಂಚಾಂಗ ಯಾರು ಕಲಿಸಿದ್ರು?

ರಾತ್ರಿ ಎರಡಕ್ಕ ಕಾವಲುಗಾರ ಸಾತಲಿಂಗಗ ಫೋನ್ ಹಚ್ಚಿದೆ:
"ಮಾಳಿಗಿ ಮ್ಯಾಲ ಝಳಕಿ ಕಡೆ ಮುಖ ಮಾಡಿರೋ ತಟ್ಟಿ ಅದಲ್ಲ,
ಅದರ ಮುಂದ ಏನದ, ಸ್ವಲ್ಪ ನೋಡ್ರಿ."
ಬ್ಯಾಟರಿ ಹಿಡದು ಹತ್ತಿದ. ಏದುಸಿರು ಕೇಳಸ್ತು.
"ಏನಿಲ್ಲರೀ ಜುಬೇದಾ ಮೇಡಂ. ಬೇವಿನ ಗಿಡ ಅಷ್ಟ.
ಹೊಸಾ ತಪ್ಪಲಾ ಬಂದಾವ. ಹೂ ಘಮ್ ಅಂತದ."

ಅಲ್ಲಿ ಗಿಡ ಹಸಿರಾದಂಗ
ಇಲ್ಲಿ ನನ್ನ ಹಸಿರು ಚುಕ್ಕಿ
ಸುಳ್ಳ ಹೇಳಾಕತ್ತಿತ್ತು.

ಕಡೀರಿ, ಅಂತ ಮ್ಯಾಲಿಂದ ಇಮೇಲ್ ಬಂತು. ಒಂದ ಸಾಲು.
ಮರುದಿನ ಸಾತಲಿಂಗ ತಾನ ಫೋನ್ ಹಚ್ಚಿದ:
"ಒಂದನೇ ತಾರೀಖಿಗೆ ಆ ನೆಳ್ಳಾಗ ನಲವತ್ತು ಮಂದಿ
ಪಾಳಿ ಕುಂತಿರತಾರ್ರೀ.
ನಿಮ್ಮ ಪರದೆದಾಗ ಅದು ಕಾಣಸ್ತದೇನು?"
ಇಲ್ಲ. ಕಾಣಸೂದಿಲ್ಲ.
ಖರ್ಚಿನ ಕಾಗದದಾಗ ಬರದೆ:
ಕಂಬ ಹನ್ನೆರಡು ಫೂಟು ಎತ್ತರಿಸೂದು.
ಕಾರಣ ಅನ್ನೋ ಖಾನೇದಾಗ: ಚೈತ್ರ.

ಮುಂಜಾನಿ ಮನಿಗೆ ಹೋಗೂ ಹಾದ್ಯಾಗ ಒಂದು ಹಳೇ ಗಂಜ್ ನಿಂತದ,
ಬಾದಶಾಹಿ ಕಾಲದ ನೀರಿನ ಗೋಪುರ.
ಕೊಳವಿ ಒಡೀಬಾರದು ಅಂತ
ದೂರದ ನೀರು ಇಲ್ಲಿ ಏರಿ, ಉಸಿರು ಬಿಟ್ಟು,
ಮತ್ತ ಇಳದು ಹೋಗತಿತ್ತಂತ.
ಇದರ ಬುಡಕ್ಕೂ ಯಾರೋ ಒಬ್ಬಾಂವ ಕುಂತಿರಬೇಕು
ಗ್ವಾಡಿಗೆ ಕಿವಿ ಹಚ್ಚಿ.
ನೀರು ಬಂತು ಅನ್ನೂದಲ್ಲ,
ನಿನ್ನೆಗಿಂತ ತುಸು ತಡಾ ಮಾಡಿ ಬಂತು
ಅನ್ನೂದು ತಿಳದಾಂವ.
ಅವನ ಹೆಸರು ಯಾ ಕಲ್ಲಿನ ಮ್ಯಾಲೂ ಇಲ್ಲ.

ಗಿಡ ಇನ್ನೂ ಬೆಳೀತದ. ಐದು ವರ್ಷ, ಭಾಳಂದ್ರ ಆರು.
ಅಷ್ಟೊತ್ತಿಗೆ ಈ ಕುರ್ಚಿ ಮ್ಯಾಲ ಯಾರಿರತಾರೋ.
ಪರದೆ ಅಂಚಿಗೆ ಒಂದು ಚೀಟಿ ಅಂಟಿಸೇನಿ:
ಚಡಚಣ. ಹೋಳಿ ಹುಣ್ಣಿವಿ.
ಮಾಳಿಗಿ ಹತ್ತಿ ನೋಡಾಕ ಹೇಳ್ರಿ.