ದೇವಿಮನೆ ಗೋಪುರ, ಮೇ ಒಂಬತ್ತು

ಮೂವತ್ತೆಂಟು ಮೀಟರಿನ ಕಬ್ಬಿಣದ ಗೋಪುರ
ಘಟ್ಟದ ಮರಗಳ ನೆತ್ತಿ ದಾಟಿ ನಿಂತಿದೆ.
ತುದಿಯಲ್ಲಿ ಗಾಳಿಯ ನಾಡಿ ಹಿಡಿವ ಮೂರು ಜೊತೆ ಬೆರಳು,
ಸೆಕೆಂಡಿಗೆ ಹತ್ತು ಸಲ ಕೇಳುತ್ತವೆ:
ಎತ್ತ ಹೊರಟೆ, ಏನು ಹೊತ್ತೆ?

ಏಪ್ರಿಲ್ ಪೂರ್ತಿ ಒಂದೇ ಉತ್ತರ. ಧಗೆ.
ಬಿಸಿಲಿನ ದುಡಿಮೆಯೆಲ್ಲ ಗಾಳಿ ಕಾಯಿಸುವುದಕ್ಕೇ ಹೋಯಿತು.
ಎಲೆಗಳು ಹನ್ನೊಂದಕ್ಕೇ ಬಾಯಿ ಮುಚ್ಚಿಕೊಂಡವು.
ಮತ್ತಿಯ ತರಗು ಕಾಲಡಿ ಹಪ್ಪಳದಂತೆ ಮುರಿಯಿತು.

"ಸಮುದ್ರದ ಗಾಳಿ ಹತ್ತೂವರೆಗೇ ಘಟ್ಟ ಹತ್ತಿತಲ್ಲ,
ಇವತ್ತು ಹೊಯ್ತದೆ" ಎಂದ ಹಮ್ಮು ಗೌಡ,
ಬ್ಯಾಟರಿಯ ತಂತಿ ಒರೆಸುತ್ತ.
ನಾನು ಮೊಬೈಲು ನೋಡಿ, ಇಲ್ಲ ಅಂದೆ.

ಮೂರೂ ಇಪ್ಪತ್ತಕ್ಕೆ ಹೊಯ್ಯಿತು.
ಕುಮಟೆಯ ಕಡೆಯಿಂದ ಒಮ್ಮೆಲೇ, ಅಡ್ಡಡ್ಡ,
ನಾಲ್ಕು ಕಾಳು ಆಲಿಕಲ್ಲು ಜೀಪಿನ ತಗಡಿಗೆ.
ಇಪ್ಪತ್ತೈದು ನಿಮಿಷ, ಹನ್ನೊಂದು ಮಿಲಿಮೀಟರು.
ಬೇಸಿಗೆಯಿಡೀ ಕಾದದ್ದು ಇದಕ್ಕೇ.
ಆದರೆ ಮೇಲೆ ಬೆರಳು ಒದ್ದೆಯಾಗಿ
ಯಂತ್ರ ಬರೆದಿಟ್ಟದ್ದು:
ಮೈನಸ್ ಒಂಬತ್ತು ಒಂಬತ್ತು ಒಂಬತ್ತು ಒಂಬತ್ತು.
ಅಂದರೆ, ಗೊತ್ತಿಲ್ಲ.

ಮಳೆ ಬಿದ್ದರೆ ಕಾಡು ಇಂಗಾಲ ಕುಡಿಯುತ್ತದೆ
ಎಂದು ಪ್ರಬಂಧದ ಮೊದಲ ಪುಟದಲ್ಲೇ ಬರೆದಿದ್ದೆ.
ಕುಡಿಯಲಿಲ್ಲ.
ಒಣಮಣ್ಣಲ್ಲಿ ಮಲಗಿದ್ದ ಕಾಣದ ಜೀವಗಳು
ಒಟ್ಟಿಗೆ ಎದ್ದವು, ಹಸಿದು;
ತರಗು ಉಂಡು, ತೇಗಿ,
ಆ ರಾತ್ರಿ, ಮರುದಿನ, ಅದರ ಮರುದಿನ
ಬಿಟ್ಟವು ಉಸಿರು.
ಕಾಡು ಕೊಡುತ್ತಲೇ ಇತ್ತು, ಗೆರೆ ಏರುತ್ತಲೇ ಇತ್ತು.

ನಾಲ್ಕನೆಯ ಬೆಳಿಗ್ಗೆ ಇಳಿಯಿತು, ಸೊನ್ನೆಯ ಕೆಳಗೆ.
ಎಲೆಗಳು ಬಾಯಿ ತೆರೆದಿದ್ದವು.
ಬಿಸಿಲು ಈಗ ನೀರು ಎತ್ತುವ ಕೂಲಿಗೆ ಹೋಗಿತ್ತು,
ಕಣಿವೆಯ ತುಂಬ ಬಿಳಿ ಆವಿ,
ಗಾಳಿಗೆ ಕಾಯಲು ಪುರುಸೊತ್ತಿಲ್ಲ.

ಆದರೂ ಲೆಕ್ಕ ಮುಗಿಯುವುದಿಲ್ಲ.
ಸೂರ್ಯನಿಂದ ನೂರು ಬಂದರೆ ಎಂಬತ್ತೆರಡಕ್ಕಷ್ಟೇ ರಸೀದಿ.
"ಉಳಿದ ಹದಿನೆಂಟು?" ಕೇಳಿದ ಹಮ್ಮು.
ಯಾರಿಗೂ ಸರಿಯಾಗಿ ಗೊತ್ತಿಲ್ಲ ಅಂದೆ.
"ಮಂಗ ತಿಂದಿರಬೇಕು," ಅಂದ,
ಹೋದ ವರ್ಷ ಅವು ತಿಂದ ಕೇಬಲ್ಲಿನ ಸಿಟ್ಟು ಅವನಿಗೆ ಇನ್ನೂ ಇದೆ.

ಕಾರವಾರಕ್ಕೆ ಮರಳಿ, ಫ್ಯಾನಿನ ಕೆಳಗೆ,
ಖಾಲಿ ಇಪ್ಪತ್ತೈದು ನಿಮಿಷವನ್ನು ಸೂತ್ರದಿಂದ ತುಂಬಿಸಿದೆ.
ಹಿಂದಿನ ಅಂಕಿ, ಮುಂದಿನ ಅಂಕಿ, ನಡುವೆ ಒಂದು ನಯವಾದ ಸುಳ್ಳು.
ಎಲ್ಲರೂ ಹಾಗೇ ಮಾಡುತ್ತಾರೆ.

ಮಳೆ ನಿಂತ ಕೂಡಲೇ ಅವನು ಜೀಪಿನಿಂದಿಳಿದು
ತರಗು ಸರಿಸಿ, ನೆಲಕ್ಕೆ ಅಂಗೈ ಒತ್ತಿ
ತುಂಬ ಹೊತ್ತು ತೆಗೆಯದೇ ಇದ್ದದ್ದು
ಯಾವ ಸಾಲಿಗೂ ಸೇರದು.
ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಮಣ್ಣು ಇನ್ನೂ ಬಿಸಿ.
ಅಳೆದದ್ದು: ಹಮ್ಮು ಗೌಡ, ಎಡಗೈ.