ಶರ್ಟಿನ ಅಳತೆ

ಹೊಟಗಿ ಜಂಕ್ಷನ್ನಿನಲ್ಲಿ ಹಳಿ ಎರಡಾಗುತ್ತದೆ.
ನಮ್ಮ ಮನೆ ಎರಡಾದದ್ದು ಅದಕ್ಕೂ ಮೊದಲೇ,
ಸೋಲಾಪುರದ ಚಾಳಿನಲ್ಲಿ, ಹಿರಿಯರು ಚಹಾ ಕುಡಿಯುತ್ತ ಕೂತಿದ್ದಾಗ.
ಹೊಲಿಗೆ ಮಷಿನ್ನು ಅವ್ವನಿಗೆ, ಟೆಂಪೊ ಅಪ್ಪನಿಗೆ,
ನಾನು ಅವ್ವನಿಗೆ, ಮಲ್ಯಾ ಅಪ್ಪನಿಗೆ.
ಗೋಡೆ ಗಡಿಯಾರ ಯಾರಿಗೆಂದು ಬಗೆಹರಿಯದೆ
ಕಾಕಾ ಒಯ್ದರು.

ತಿಂಗಳ ಎರಡನೆಯ ರವಿವಾರ
ನಾನು ಇತ್ತಲಿಂದ, ಅವನು ಅಕ್ಕಲಕೋಟದ ಕಡೆಯಿಂದ
ಪ್ಯಾಸೆಂಜರಿನಲ್ಲಿ ಬಂದಿಳಿದು
ನಳದ ಪಕ್ಕದ ಬೆಂಚಿನ ಮೇಲೆ ಒಂದು ತಾಸು ಕೂಡುತ್ತೇವೆ.
ಅಪ್ಪನಿಗೆ ಗೊತ್ತು, ಕೇಳುವುದಿಲ್ಲ.
ಅವ್ವನಿಗೆ ಗೊತ್ತು, ಟೇಪು ಕೊಟ್ಟು ಕಳಿಸುತ್ತಾಳೆ.

ಗಾರ್ಮೆಂಟಿನಲ್ಲಿ ಯುನಿಫಾರ್ಮ್ ಹೊಲಿಯುವ ಅವ್ವ.
ಹೆಸರೂ ಕೇಳದ ಊರುಗಳ ಹುಡುಗರ ಎದೆಸುತ್ತು
ಅವಳಿಗೆ ಬಾಯಿಪಾಠ.
ಒಬ್ಬನದು ಮಾತ್ರ ಬೇರೆಯವರನ್ನು ಕೇಳಿ ತಿಳಿಯಬೇಕು.
"ಹ್ಯಾಂಗ ಇದ್ದಾನ?" ಅನ್ನುವುದಿಲ್ಲ.
"ಭುಜ ಎಷ್ಟು? ತೋಳ ಎಷ್ಟು?" ಅನ್ನುತ್ತಾಳೆ,
ಹಲ್ಲಿನ ನಡುವೆ ಗುಂಡುಪಿನ್ನು ಕಚ್ಚಿಕೊಂಡು.

"ನೆಟ್ಟಗ ನಿಂದ್ರೋ."
"ನಿಂತೀನಲ್ಲ."
ಬೆನ್ನಿಗೆ ಟೇಪು ಹಿಡಿದರೆ ಕಚಗುಳಿ ಅವನಿಗೆ, ಮೊದಲಿನಿಂದಲೂ.
ಪೇರಲಹಣ್ಣಿನ ಬುಟ್ಟಿಯ ಮುದುಕಿ ನಮ್ಮನ್ನು ನೋಡಿ ನೋಡಿ
ಕಡೆಗೆ ತಾನೇ ಬಂದು ಟೇಪಿನ ತುದಿ ಹಿಡಿದಳು.
ಲೆಕ್ಕ ಬರೆದದ್ದು ನಾನು, ಮರಾಠಿ ಅಂಕಿಯಲ್ಲಿ;
ಶಾಲೆ ಬದಲಾದ ಮೇಲೆ ಕೈಯೂ ಬದಲಾಗಿದೆ.
ಕನ್ನಡ ಶಾಲೆಯಲ್ಲೇ ಉಳಿದ ಮಲ್ಯಾ
ನನ್ನ ಒಂದನ್ನು ಒಂಬತ್ತೆಂದು ಓದಿದ.
"ಎದಿ ಮೂವತ್ತೊಂಬತ್ತು? ನಾ ಏನ ಪೈಲ್ವಾನ ಏನ?"
ಇಬ್ಬರೂ ನಕ್ಕೆವು, ಒಂದೇ ಮನೆಯಲ್ಲಿರುವವರ ಹಾಗೆ.

ಆಮೇಲೆ ಅವನು ಡಬ್ಬಿ ತೆಗೆದ.
ರೊಟ್ಟಿ, ಶೇಂಗಾ ಚಟ್ನಿ.
"ಕಸ್ತೂರಿ ಮಾಡಿ ಕೊಟ್ಟಾಳ. ಇಬ್ಬರಿಗೂ ಅಂದಾಳ."
ಕಾಕಿ ಅನ್ನಲಿಲ್ಲ, ಅವ್ವ ಅನ್ನಲಿಲ್ಲ,
ಬರೀ ಕಸ್ತೂರಿ,
ಯಾವ ಅಂಗಡಿಯಲ್ಲೂ ಕಡ ಹೇಳದವನಂತೆ.
"ಬೈತಾಳೇನ?"
"ಇಲ್ಲ. ನನ್ನ ಲೆಕ್ಕದ ವಹಿಗೆ ರಟ್ಟ ಹಾಕಿ ಕೊಟ್ಟಳು."
ಬೈಯುತ್ತಾಳೆ ಅಂದಿದ್ದರೆ ಸುಲಭವಿತ್ತು.
ಬಂದ ದಾರಿಯಲ್ಲಿ ಅದಕ್ಕೊಂದು ಉತ್ತರ ಕಟ್ಟಿಕೊಂಡಿದ್ದೆ.

ಚಟ್ನಿ ಚೆನ್ನಾಗಿತ್ತು.
ಹೇಳಬಾರದು, ಬಹಳ ಚೆನ್ನಾಗಿತ್ತು.
ಎರಡು ರೊಟ್ಟಿ ತಿಂದೆ.
ಅವನ ಗಾಡಿ ಹೋದ ಮೇಲೆ ನಳದ ಹತ್ತಿರ ಹೋಗಿ
ಬಾಯಿ ಮುಕ್ಕಳಿಸಿದೆ, ಮೂರು ಸಲ,
ಬೆರಳಿನಿಂದ ಹಲ್ಲು ತಿಕ್ಕಿ ಮತ್ತೊಂದು ಸಲ.

ರಾತ್ರಿ ಅವ್ವ ಕೇಳಿದಳು:
"ಉದ್ದ?"
ಚೀಟಿಯಲ್ಲಿ ಇಪ್ಪತ್ತೇಳು ಇತ್ತು.
ಕಳೆದ ಶರ್ಟು ಇಪ್ಪತ್ತನಾಲ್ಕೂವರೆ.
ಎರಡೂವರೆ ಇಂಚು,
ಅವಳು ನೋಡದ ಎರಡೂವರೆ ಇಂಚು,
ಬೇರೆಯವರ ರೊಟ್ಟಿಯಿಂದ ಬಂದದ್ದು.
"ಇಪ್ಪತ್ತೈದೂವರೆ," ಅಂದೆ.
ಚೀಟಿಯನ್ನು ನುಂಗುವಷ್ಟು ಸಣ್ಣಗೆ ಮಡಚಿದ್ದೆ.
ಅವ್ವ ಏನೂ ಅನ್ನಲಿಲ್ಲ. ಸುಣ್ಣದ ಬಿಲ್ಲೆ ಎತ್ತಿಕೊಂಡಳು.
ನಾನು ಗೋಡೆಯ ಕಡೆ ತಿರುಗಿ ಮಲಗಿದೆ,
ಗಡಿಯಾರವಿದ್ದ ಜಾಗದಲ್ಲಿ ಈಗ
ದುಂಡಗೆ ಬಿಳಿಯ ಗುರುತು.
ಕತ್ತರಿಯ ಸದ್ದು ಬಹಳ ಹೊತ್ತು ಕೇಳಿತು.

ಮುಂದಿನ ತಿಂಗಳು ಬೆಂಚಿನ ಮೇಲೆಯೇ
ಹಳೆಯದು ಕಳಚಿ ಹೊಸದು ತೊಟ್ಟ ಮಲ್ಯಾ.
ನಾನು ಉಸಿರು ಹಿಡಿದು ನಿಂತಿದ್ದೆ.
ಭುಜ ಸರಿ, ತೋಳು ಸರಿ,
ಉದ್ದ ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂತು.
ತುದಿ ಹಿಡಿದು ತಿರುವಿ ನೋಡಿದೆ:
ಒಳಗೆ ಮತ್ತೆರಡು ಇಂಚು ಮಡಿಕೆ,
ಬೇಕಾದಾಗ ಬಿಚ್ಚಲು ಬರುವ ಹಾಗೆ
ಸಡಿಲ ಹೊಲಿಗೆ.

"ಅವ್ವಗ ಹ್ಯಾಂಗ ಗೊತ್ತಾತು?" ಅಂದೆ.
"ಏನು?" ಅಂದ ಅವನು, ಗುಂಡಿ ಹಾಕಿಕೊಳ್ಳುತ್ತ.
"ಏನಿಲ್ಲ. ಡಬ್ಬಿ ತಗಿ."

ಆವತ್ತು ನಳದ ಕಡೆ ಹೋಗಲಿಲ್ಲ.
ಸೋಲಾಪುರದ ತನಕ
ನಾಲಿಗೆಯ ತುದಿಯಲ್ಲಿ ಖಾರವಿತ್ತು.