ಪೇಟಿ ಮಾಸ್ತರನ ತಕರಾರು

ಜಮಖಂಡಿಯ ಖಾಲಿ ಹತ್ತಿ ಗೋದಾಮಿನಾಗ ತಾಲೀಮು.
ವಿಲಾಯತಿ ನಾಟಕ, ಕನ್ನಡಕ್ಕ ಇಳಿಸಿದಾವ ದಾನಪ್ಪ ವಕೀಲ.
ಮೂರು ಅಂಕ, ಒಂದ ಸೋಫಾ.
ಯಾರೂ ಸಾಯೂದಿಲ್ಲ, ಯಾರೂ ಹಾಡೂದಿಲ್ಲ,
ದೇವರು ಅದಾನೋ ಇಲ್ಲೋ ಅಂತ
ಚಾ ಕುಡಕೋತ ಜಗಳಾಡ್ತಾರ.

'ನನ್ನ ಪೇಟಿ ಎಲ್ಲೆ ಬಾರಸ್ಲಿ?'
ಹುಸೇನಸಾಬನ ತಕರಾರು.
'ಇದು ವಿಚಾರದ ನಾಟಕ, ಮಾಸ್ತರ.'
'ವಿಚಾರಕ್ಕ ಶ್ರುತಿ ಬ್ಯಾಡೇನು?'
ವಕೀಲ ನಕ್ಕು ಆ ಮಾತು ಕದ್ದ,
ಒಂದನೇ ಅಂಕಕ್ಕ ಹಚ್ಚಿದ.

ಎರಡನೇ ಅಂಕ. ನರ್ಸ್ ನೀಲವ್ವ ಬಶಿ ಕೆಳಗಿಟ್ಟು:
'ಖರೇ ಅನ್ನೂದ ಇಲ್ಲಂತಿ. ಆ ಮಾತು ಖರೇನು?'
ಉತ್ತರ ಕೊಡಬೇಕಾದಾವ ಮಾತು ಮರತ.
ಗೋದಾಮು ಅರಳಿ ತುಂಬಿದಂಗ ಗಪ್ಪ.

ಮಾಸ್ತರ ಕರೇದೂ ಮುಟ್ಟಲಿಲ್ಲ, ಬಿಳೇದೂ ಮುಟ್ಟಲಿಲ್ಲ;
ತಿದಿ ಅಷ್ಟ ಎಳದ.
ಸ್ವರ ಇಲ್ಲದ ಒಂದು ಉಸಿರು.

ವಕೀಲ ಪ್ರತಿಯೊಳಗ ಪೆನ್ಸಿಲಿಲೆ ಬರದ:
'ಇಲ್ಲೆ, ಪೇಟಿ.'
'ಪಗಾರ ಮಾತ್ರ ಪೂರಾ' ಅಂದ ಮಾಸ್ತರ.